ಪ್ರಮಾದಕ್ಕೆ ಗಣಿತದ ಮುಸುಕು

ಹೊಗೆಯಿಲ್ಲದ ವಿದ್ಯುತ್ತೇ ಅಹಿಂಸೆಯ ವಿದ್ಯುತ್ತು ಎಂದು ವಾದಿಸುವ ಶ್ರಾವಕರು ಸಮಾಜದಲ್ಲಿ ಕಡಿಮೆಯಿಲ್ಲ. ಕಲ್ಲಿದ್ದಲಿನ ಹೊಗೆಯಿಂದಾಗುವ ಜೀವಹಾನಿಯನ್ನು ಅವರು ಎತ್ತಿ ತೋರಿಸುವುದು ಸರಿಯೇ. ಆದರೆ ಅಣುಸ್ಥಾವರದಲ್ಲಿ ಮಹಾ ಅಪಘಾತದ ಸಂಭವ ಲಕ್ಷ ವರ್ಷಕ್ಕೊಮ್ಮೆ ಎಂಬ ಲೆಕ್ಕವನ್ನು ಮುಂದಿಟ್ಟು ಚರ್ಚೆಯನ್ನೇ ಮುಗಿಸಿಬಿಡುವುದು ಜೈನಾಚಾರಕ್ಕೆ ಒಪ್ಪುವ ಮಾತಲ್ಲ.

ಈ ಲೆಕ್ಕ ಹುಟ್ಟುವ ಬಗೆಯನ್ನು ನೋಡಬೇಕು. ಪಂಪು ಕೆಡುವ, ಕವಾಟ ಸಿಕ್ಕಿಕೊಳ್ಳುವ, ಡೀಸೆಲ್ ಜನರೇಟರು ಕೈಕೊಡುವ ಸಂಭವಗಳನ್ನು ಒಂದರಿಂದೊಂದು ಗುಣಿಸುತ್ತಾರೆ. ಗುಣಿಸಿದಷ್ಟೂ ಸಂಖ್ಯೆ ಕಿರಿದಾಗುತ್ತದೆ. 2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಒಂದೇ ಸುನಾಮಿ ಹಲವು ಜನರೇಟರುಗಳನ್ನು ಒಟ್ಟಿಗೆ ನಿಷ್ಕ್ರಿಯಗೊಳಿಸಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಾಳಿ ನದಿಯ ದಂಡೆಯ ಕೈಗಾದಲ್ಲಿ 1994ರ ಮೇ 13ರಂದು ಒಂದನೆಯ ಘಟಕದ ಗುಮ್ಮಟದ ಒಳಭಾಗ ನಿರ್ಮಾಣದ ಹಂತದಲ್ಲಿಯೇ ಕಳಚಿಬಿದ್ದು, ಕೆಲಸಗಾರರು ಗಾಯಗೊಂಡರು. ಉಳಿದ ರಕ್ಷಣೆಗಳೆಲ್ಲ ಸೋತಾಗ ವಿಕಿರಣವನ್ನು ತಡೆದು ನಿಲ್ಲಬೇಕಾದ ಗುಮ್ಮಟವದು. ಆಗ ಇಂಧನ ತುಂಬಿರಲಿಲ್ಲ ಎಂಬುದು ಪುಣ್ಯ. ಅದೇ ಕೈಗಾದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಕೂಡಿದ ಭಾರಜಲ ಸೇರಿ 50ಕ್ಕೂ ಹೆಚ್ಚು ನೌಕರರ ದೇಹವನ್ನು ಹೊಕ್ಕಿತು. ವಾಡಿಕೆಯ ಮೂತ್ರಪರೀಕ್ಷೆಯಿಂದ ವಿಷಯ ಬಯಲಾಯಿತು; ಆ ಎಚ್ಚರಕ್ಕೆ ಮನ್ನಣೆ ಸಲ್ಲಲೇಬೇಕು. ಆದರೆ ಇದು ಯಂತ್ರದ ದೋಷವಲ್ಲ, ಒಳಗಿನವರಾರದೋ ಕೃತ್ಯವೆಂದು ಅಧಿಕಾರಿಗಳೇ ಹೇಳಿದರು.

ಮೊದಲನೆಯದು ಪ್ರಮಾದ, ಎರಡನೆಯದು ಸಂಕಲ್ಪೀ ಹಿಂಸೆ. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಪೂರ್ಣವಾಗಿ ತಪ್ಪದೆಂಬ ಶಾಸ್ತ್ರದ ರಿಯಾಯಿತಿ ಇವೆರಡಕ್ಕೂ ಸಲ್ಲುವುದಿಲ್ಲ. ಕವಾಟ ಎಷ್ಟು ಬಾರಿ ಕೆಟ್ಟಿತೆಂದು ಎಣಿಸಬಹುದು; ದ್ವೇಷವುಳ್ಳ ಮನಸ್ಸಿನ ಸಂಭವವನ್ನು ಯಾವ ಕೋಷ್ಟಕದಿಂದ ತೆಗೆಯುವುದು? ಕಮಂಡಲುವನ್ನು ಕೆಳಗಿಡುವ ಮುನ್ನ ಪಿಂಛಿಯಿಂದ ನೆಲವನ್ನು ಮಾರ್ಜನ ಮಾಡುವ ಮುನಿಗಳು, ಅಲ್ಲಿ ಇರುವೆಯಿರುವ ಸಂಭವವೆಷ್ಟೆಂದು ಗುಣಿಸುತ್ತ ನಿಲ್ಲುವುದಿಲ್ಲ.

ವರ್ತಕ ಕುಲಕ್ಕೆ ಇನ್ನೊಂದು ಮಾತು ಸುಲಭವಾಗಿ ತಿಳಿಯಬೇಕು. ಪೇಢಿಯ ಲೆಕ್ಕವನ್ನು ಪೇಢಿಯ ನೌಕರನೇ ತಪಾಸಣೆ ಮಾಡಿದರೆ ಯಾರೂ ನಂಬುವುದಿಲ್ಲ. 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸ್ವತಂತ್ರ ಶಾಸನಬದ್ಧ ಸ್ಥಾನವಿಲ್ಲವೆಂದು ಮಹಾಲೇಖಪಾಲರು 2012ರಲ್ಲಿ ಆಕ್ಷೇಪಿಸಿದ್ದರು. ಅಹಿಂಸೆಯ ಹೆಸರಿನಲ್ಲಿ ಸ್ಥಾವರವನ್ನು ಹೊಗಳುವ ಶ್ರಾವಕರು ಮೊದಲು ಕೇಳಬೇಕಾದದ್ದು ಇಷ್ಟು: ಹೊರಗಿನವರು ಮಾಡಿದ ತಪಾಸಣೆಯ ವರದಿ ಎಲ್ಲಿದೆ? ಕಾಳಿ ದಂಡೆಯ ಗ್ರಾಮಸ್ಥರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದವರಾರು?