ನೆಲಮಾಳಿಗೆಯಲ್ಲಿ ಹುಟ್ಟಿದ ನಾದದ ಉದ್ಯಮ

ಸಂಸಾರ ಹೂಡಿದ ಮನೆಯಲ್ಲಿಯೇ ಉದ್ಯೋಗವನ್ನೂ ಹೂಡಬಹುದೇ? ಗಂಡಹೆಂಡಿರು ಒಂದೇ ವ್ಯವಹಾರದಲ್ಲಿ ಪಾಲುದಾರರಾದರೆ ಮನೆಯ ನೆಮ್ಮದಿ ಉಳಿದೀತೇ? ಅನೇಕ ಯುವ ದಂಪತಿಗಳು ಇಂದು ಈ ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳುತ್ತಿದ್ದಾರೆ. ನೇಕಾರರ ಮನೆಯಲ್ಲಿ ಮಗ್ಗದ ಸದ್ದು, ಕುಂಬಾರರ ಅಂಗಳದಲ್ಲಿ ತಿಗರಿಯ ಸುತ್ತು ಕಂಡ ನಮ್ಮ ನಾಡಿಗೆ ಮನೆಯ ದುಡಿಮೆ ಹೊಸದೇನಲ್ಲ. ಆದರೂ ಈ ಬಾರಿ ದೂರದ ಅಮೆರಿಕ ದೇಶದ ಒಂದು ದಂಪತಿಗಳ ಉದಾಹರಣೆಯನ್ನು ವಾಚಕರ ಮುಂದಿಡಬಯಸುತ್ತೇವೆ. ಅವರ ಸರಕು ನಮಗೆ ಅಪರಿಚಿತ. ಅವರ ಸಮಸ್ಯೆಗಳು ಮಾತ್ರ ಪರಿಚಿತವೇ.

ಮೊದಲು ಸರಕಿನ ವಿಷಯ. ವಿದ್ಯುತ್ ಗಿಟಾರ್ ನುಡಿಸುವವರ ಕಾಲ ಬಳಿ ಅಂಗೈಯಗಲದ ಲೋಹದ ಪೆಟ್ಟಿಗೆಗಳು ಸಾಲಾಗಿರುವುದನ್ನು ದೂರದರ್ಶನದಲ್ಲಿ ನೀವು ಕಂಡಿರಬಹುದು. ಅವಕ್ಕೆ ಪೆಡಲ್ ಎಂದು ಹೆಸರು. ಗಿಟಾರಿನಿಂದ ಹೊರಟ ವಿದ್ಯುತ್ ಸಂಕೇತವು ಧ್ವನಿವರ್ಧಕವನ್ನು ಮುಟ್ಟುವ ಮುನ್ನ ಈ ಪೆಟ್ಟಿಗೆಯನ್ನು ಹಾದುಹೋಗುತ್ತದೆ. ಕಾಲಿನಿಂದ ಗುಂಡಿಯನ್ನು ಒತ್ತಿದೊಡನೆ ನಾದಕ್ಕೆ ಗೊಗ್ಗರು, ಮಾರ್ದನಿ ಅಥವಾ ಕಂಪನ ಸೇರುತ್ತದೆ. ಒಳಗಿರುವುದು ಟ್ರಾನ್ಸಿಸ್ಟರು, ರೆಸಿಸ್ಟರು, ಕೆಪಾಸಿಟರುಗಳನ್ನು ಬೆಸೆದ ಒಂದು ಪುಟ್ಟ ಹಲಗೆ ಅಷ್ಟೆ.

ಈ ಪೆಟ್ಟಿಗೆಯ ಹುಟ್ಟಿನ ಕಥೆಯೂ ಸ್ವಾರಸ್ಯಕರವಾದುದು. ಮಾರ್ಟಿ ರಾಬಿನ್ಸ್ ಎಂಬ ಗಾಯಕರ ‘ಡೋಂಟ್ ವರಿ’ ಗೀತೆ 1961ರಲ್ಲಿ ಹೊರಬಂದಿತು. ನ್ಯಾಶ್‌ವಿಲ್ ನಗರದಲ್ಲಿ ಅದರ ಧ್ವನಿಮುದ್ರಣ ನಡೆದಾಗ ಯಂತ್ರದ ಒಂದು ಭಾಗ ಕೆಟ್ಟು, ವಾದ್ಯದ ನಾದ ಒಡೆದು ಗೊರಗುಟ್ಟಿತು. ಮುದ್ರಣದ ಹೊಣೆ ಹೊತ್ತಿದ್ದ ಗ್ಲೆನ್ ಸ್ನಾಡಿ ಎಂಬ ತಂತ್ರಜ್ಞರು ಆ ದೋಷವನ್ನು ಮರೆಯದೆ, ಅದೇ ನಾದವನ್ನು ಬೇಕೆಂದಾಗ ಹೊರಡಿಸುವ ಸರ್ಕಿಟ್ಟನ್ನು ರೂಪಿಸಿದರು. ಗಿಬ್ಸನ್ ಕಂಪನಿ ಅದನ್ನು 1962ರಲ್ಲಿ ‘ಮ್ಯಾಸ್ಟ್ರೋ ಫಜ್ ಟೋನ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಒಡೆದ ನಾದವನ್ನು ಯಾರು ಮೆಚ್ಚುತ್ತಾರೆ ಎನ್ನಬೇಡಿ. ನಮ್ಮ ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ಎಳೆ ನೂಲನ್ನು ಸೇರಿಸುವುದು ಏತಕ್ಕೆ? ತಂತಿಯ ನಾದ ಬೋಳಾಗಿ ನಿಲ್ಲದೆ ಝೇಂಕರಿಸಿ ತುಂಬಿಕೊಳ್ಳಲೆಂದೇ. ಕ್ರಮ ಬೇರೆ, ನಾದವನ್ನು ತುಂಬಿಸಬೇಕೆಂಬ ಹಂಬಲ ಒಂದೇ.

ಈಗ ದಂಪತಿಗಳ ವಿಷಯಕ್ಕೆ ಬರೋಣ. ಒಹಾಯೋ ರಾಜ್ಯದ ಆಕ್ರನ್ ಒಂದು ಕಾಲಕ್ಕೆ ರಬ್ಬರಿನ ಟಯರುಗಳಿಗೆ ಜಗತ್ಪ್ರಸಿದ್ಧವಾಗಿದ್ದ ನಗರ. ದೊಡ್ಡ ಕಾರ್ಖಾನೆಗಳು ಸೊರಗಿ ದುಡಿಮೆ ತಪ್ಪಿದ ಕಷ್ಟವನ್ನೂ ಕಂಡ ಊರು. ಅಲ್ಲಿನ ಸಂಗೀತಗಾರ ಜೇಮೀ ಸ್ಟಿಲ್‌ಮನ್ ಅವರು ಪೆಡಲುಗಳನ್ನು ಬಿಚ್ಚಿ, ತಿದ್ದಿ, ಕಟ್ಟುವ ಗೀಳಿಗೆ ಬಿದ್ದು, 2004ರಲ್ಲಿ ತಮ್ಮ ಮನೆಯ ನೆಲಮಾಳಿಗೆಯಲ್ಲಿ ‘ಅರ್ತ್‌ಕ್ವೇಕರ್ ಡಿವೈಸಸ್’ ಎಂಬ ಉದ್ಯಮವನ್ನು ಒಬ್ಬರೇ ಆರಂಭಿಸಿದರು. ಮುಂದೆ ಪತ್ನಿ ಜೂಲಿ ರಾಬಿನ್ಸ್ ಕೈಜೋಡಿಸಿದರು. ವ್ಯವಹಾರ ಬೆಳೆದು ಮನೆಯಿಂದ ಹೊರಬಂದಿತು. ಹತ್ತಾರು ಜನ ಅಲ್ಲಿ ಕುಳಿತು ಕೈಯಿಂದಲೇ ಪೆಡಲುಗಳನ್ನು ಕಟ್ಟುತ್ತಾರೆ. ಆ ಪೆಟ್ಟಿಗೆಗಳು ಇಂದು ಅನೇಕ ದೇಶಗಳಲ್ಲಿ ಮಾರಾಟವಾಗುತ್ತವೆ.

ಇಲ್ಲಿ ನಾವು ವಾಚಕರ ಗಮನವನ್ನು ಒಂದು ಅಂಶದತ್ತ ಸೆಳೆಯಬಯಸುತ್ತೇವೆ. ಪತಿಯದು ಹೊಸ ನಾದಗಳ ವಿನ್ಯಾಸ. ಪತ್ನಿಯದು ಉದ್ಯಮದ ಒಟ್ಟು ಆಡಳಿತ. ಆಕೆಗೆ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯೆಂಬ ಹುದ್ದೆಯಿದೆ, ಹೆಸರಿದೆ. ನಮ್ಮಲ್ಲಿಯೋ? ಅಂಗಡಿಯ ಲೆಕ್ಕ ಬರೆಯುವವಳು, ಗಿರಾಕಿಗಳಿಗೆ ಉತ್ತರಿಸುವವಳು, ಕೆಲಸದವರಿಗೆ ಊಟ ಬಡಿಸುವವಳು ಗೃಹಿಣಿ. ಆದರೆ ಬೋರ್ಡಿನ ಮೇಲೆ ಅವಳ ಹೆಸರಿಲ್ಲ, ಬ್ಯಾಂಕಿನ ಖಾತೆಯಲ್ಲಿ ಅವಳ ಸಹಿಯಿಲ್ಲ. ಕೇಳಿದರೆ “ಮನೆಯಾಕೆ ಸ್ವಲ್ಪ ಸಹಾಯ ಮಾಡುತ್ತಾಳೆ” ಎಂಬ ಉತ್ತರ! ಹೆಗಲು ಕೊಟ್ಟವಳನ್ನು ಸಹಾಯಕಿ ಎಂದು ಕರೆಯುವುದು ನ್ಯಾಯವಲ್ಲ. ಪತಿಗೆ ಆಪತ್ತು ಬಂದೊದಗಿದ ದಿನ ಇಂಥ ಮನೆಗಳು ಎರಡು ಬಾರಿ ಕುಸಿಯುತ್ತವೆ: ದುಡಿಯುವವನೂ ಇಲ್ಲ, ವ್ಯವಹಾರದ ಮೇಲೆ ಉಳಿದವಳಿಗೆ ಅಧಿಕಾರವೂ ಇಲ್ಲ.

ಇಂಥ ಗೃಹೋದ್ಯಮವನ್ನು ಹೂಡುವವರು ಮುಂಚೆಯೇ ಯೋಚಿಸಬೇಕಾದ ಸಂಗತಿಗಳು ಇನ್ನೂ ಇವೆ. ಮೊದಲನೆಯದು ಬೆಲೆ. ತಂತಿ, ಪೆಟ್ಟಿಗೆ, ಬಿಡಿಭಾಗಗಳ ಖರ್ಚನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಇಬ್ಬರ ದುಡಿಮೆಯ ಗಂಟೆಗಳನ್ನು, ಕೆಟ್ಟು ಮರಳಿ ಬಂದ ಸರಕಿನ ದುರಸ್ತಿಯನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ. ಮನೆಯ ಕೂಲಿಗೆ ಬೆಲೆ ಕಟ್ಟದ ವ್ಯಾಪಾರ ಲಾಭದಲ್ಲಿದೆ ಎನಿಸುತ್ತದೆ. ವಾಸ್ತವದಲ್ಲಿ ಅದು ಸಂಸಾರವನ್ನು ತಿಂದು ಬದುಕುತ್ತಿರುತ್ತದೆ. ಎರಡನೆಯದು ಹಣ. ಮನೆಯ ಖರ್ಚಿನ ಡಬ್ಬಿಯೂ ವ್ಯಾಪಾರದ ಗಲ್ಲೆಯೂ ಒಂದೇ ಆದರೆ ಎರಡರಲ್ಲಿಯೂ ತಳ ಕಾಣುವುದು ನಿಶ್ಚಿತ. ಮೂರನೆಯದು ಆರೋಗ್ಯ. ಬೆಸುಗೆಗೆ ಬಳಸುವ ಹಳೆಯ ಬಗೆಯ ತಂತಿಯಲ್ಲಿ ತವರದೊಂದಿಗೆ ಸೀಸವೂ ಇರುತ್ತದೆ. ಸೀಸ ಮಕ್ಕಳಿಗೆ ವಿಷ. ಬೆಸುಗೆಯ ಹೊಗೆಯೂ ಶ್ವಾಸಕ್ಕೆ ಹಿತವಲ್ಲ. ಆದುದರಿಂದ ಗಾಳಿಯಾಡುವ ಪ್ರತ್ಯೇಕ ಕೋಣೆ ಬೇಕು, ಊಟಕ್ಕೆ ಮುನ್ನ ಕೈ ತೊಳೆಯುವ ಶಿಸ್ತು ಬೇಕು. ಅಡುಗೆಮನೆಯ ಕಟ್ಟೆ ಎಂದಿಗೂ ಕೆಲಸದ ಮೇಜಾಗಬಾರದು.

ನಾಲ್ಕನೆಯದು ಹೊತ್ತು. ಕಚೇರಿಗೆ ಬೀಗ ಹಾಕಿ ಮನೆಗೆ ಬರಬಹುದು. ಮನೆಯೇ ಕಚೇರಿಯಾದರೆ ಬೀಗ ಹಾಕುವುದೆಲ್ಲಿಗೆ? ಊಟದ ತಟ್ಟೆಯ ಮುಂದೆಯೂ ಬಾಕಿ ವಸೂಲಿಯ ಮಾತೇ ಆದರೆ ಮಕ್ಕಳು ಯಾರೊಡನೆ ಮಾತನಾಡಬೇಕು? ಸಂಜೆಯ ಒಂದು ಗಳಿಗೆಯ ನಂತರ ವ್ಯಾಪಾರದ ಮಾತನ್ನು ಎತ್ತುವುದಿಲ್ಲವೆಂಬ ಕಟ್ಟಳೆಯನ್ನು ಇಬ್ಬರೂ ಕೂಡಿಯೇ ಮಾಡಿಕೊಳ್ಳಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಹೊರಗಿನ ಬಿರುಗಾಳಿ ಬೀಸಬಹುದು. 2025ರಲ್ಲಿ ಅಮೆರಿಕ ಸರ್ಕಾರ ಆಮದು ಸುಂಕಗಳನ್ನು ಏರಿಸಿದಾಗ, ಹೊರದೇಶಗಳ ಬಿಡಿಭಾಗಗಳನ್ನು ನಂಬಿದ ಸಣ್ಣ ಉದ್ಯಮಗಳಿಗೆ ಪೆಟ್ಟು ಬಿದ್ದಿತು. ಆಗ ಈ ಸಂಸ್ಥೆಯ ಪರವಾಗಿ ಸಾರ್ವಜನಿಕವಾಗಿ ದನಿ ಎತ್ತಿದವರು ಜೂಲಿ ರಾಬಿನ್ಸ್ ಅವರೇ. ವ್ಯವಹಾರದ ಒಳಹೊರಗನ್ನು ಬಲ್ಲ ಇನ್ನೊಬ್ಬರು ಮನೆಯಲ್ಲಿದ್ದರೆ ಸಂಕಟದ ಕಾಲಕ್ಕೆ ಎಂಥ ಬಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಹೊಸ ಉದ್ಯಮದ ಕನಸು ಹೊತ್ತ ದಂಪತಿಗಳಿಗೆ ನಮ್ಮ ಸಲಹೆ ಇಷ್ಟೇ. ಬೋರ್ಡು ಬರೆಸುವ ಮುನ್ನ ಕಾಗದವನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ಯಾರ ಹೊಣೆ ಯಾವುದು, ಯಾರ ಪಾಲು ಎಷ್ಟು, ನಷ್ಟವಾದರೆ ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕಿ. ಪ್ರೀತಿಯಿರುವಲ್ಲಿ ಕಾಗದವೇಕೆ ಎಂದು ಹಿರಿಯರು ನಗಬಹುದು. ಪ್ರೀತಿ ಉಳಿಯಲೆಂದೇ ಕಾಗದ ಎಂದು ವಿನಯದಿಂದ ಉತ್ತರಿಸಿ.