ತಡವಾದ ಅಸೈನ್‌ಮೆಂಟಿಗೂ ಒಂದು ನಿಯಮ ಬೇಕು

ಕುಂಬಳೆ ಬೆಡಿ ಮುಗಿಯುವ ಹೊತ್ತಿಗೆ ಗಡಿನಾಡಿನಲ್ಲಿ ಹತ್ತನೇ ತರಗತಿ ಮತ್ತು ಪ್ಲಸ್ ಟು ಮಕ್ಕಳಿರುವ ಮನೆಗಳಲ್ಲಿ ತರಾತುರಿ ಶುರುವಾಗುತ್ತದೆ. ಗಣಿತದ ಅಸೈನ್‌ಮೆಂಟು ನಾಳೆ, ರಸಾಯನಶಾಸ್ತ್ರದ ಪ್ರಾಜೆಕ್ಟು ನಾಡಿದ್ದು, ಸಮಾಜ ವಿಜ್ಞಾನದ ಸೆಮಿನಾರು ಶುಕ್ರವಾರ, ಲ್ಯಾಬ್ ರೆಕಾರ್ಡಿಗೆ ಸಹಿ ಸೋಮವಾರದ ಒಳಗೆ. ಜೂನ್‌ನಿಂದ ಡಿಸೆಂಬರ್ ತನಕ ನಿಧಾನವಾಗಿ ಮುಗಿಯಬೇಕಾಗಿದ್ದ ಕೆಲಸಗಳೆಲ್ಲ ಒಮ್ಮೆಲೇ ಮಕ್ಕಳ ತಲೆ ಮೇಲೆ ಬೀಳುತ್ತವೆ. ಇದರ ನಡುವೆ ಒಂದು ಮಗು ಜ್ವರ ಬಂದು ವಾರ ಮಲಗಿತು ಎಂದಾದರೆ ಅದರ ಅಂಕದ ಗತಿ ಏನು? ಒಂದು ಶಾಲೆಯಲ್ಲಿ ಒಂದು ಉತ್ತರ, ಇನ್ನೊಂದರಲ್ಲಿ ಬೇರೆ. ಒಂದೇ ಶಾಲೆಯ ಇಬ್ಬರು ಅಧ್ಯಾಪಕರು ಎರಡು ರೀತಿ ಹೇಳುವುದೂ ಉಂಟು. ಈ ಅನಿಶ್ಚಿತತೆ ಕೊನೆಗಾಣಬೇಕಾಗಿದೆ.

ಕೇರಳದ ಎಸ್‌ಎಸ್‌ಎಲ್‌ಸಿಯಲ್ಲಿ ಗ್ರೇಡ್ ಪದ್ಧತಿ ಬಂದದ್ದು 2005ರಲ್ಲಿ. ಅದರ ಜತೆಗೇ ನಿರಂತರ ಮೌಲ್ಯಮಾಪನ, ಅಂದರೆ ಎಲ್ಲರ ಬಾಯಲ್ಲಿರುವ ಸಿ.ಇ., ಮನೆಮನೆಯ ಮಾತಾಯಿತು. ಒಂದು ವಿಷಯಕ್ಕೆ 80 ಅಂಕದ ಲಿಖಿತ ಪರೀಕ್ಷೆ ಇದ್ದರೆ 20 ಅಂಕ ಸಿ.ಇ.ಗೆ, 40 ಅಂಕದ ಪರೀಕ್ಷೆಗೆ 10 ಅಂಕ ಸಿ.ಇ.ಗೆ. ಹೈಯರ್ ಸೆಕೆಂಡರಿಯಲ್ಲೂ 20 ಅಂಕ ಸಿ.ಇ. ಇದೆ, ಪ್ರಾಯೋಗಿಕವಿರುವ ವಿಷಯಗಳಲ್ಲಿ ಅದಕ್ಕೆ ಬೇರೆಯೇ ಅಂಕವಿದೆ. ಮಾರ್ಚ್ ತಿಂಗಳ ಎರಡೂವರೆ ಗಂಟೆಯ ಪರೀಕ್ಷೆಯಲ್ಲಿ ಮಾತ್ರ ಮಗುವನ್ನು ಅಳೆಯಬಾರದು, ವರ್ಷವಿಡೀ ಅದು ಏನು ಕಲಿಯಿತು ಎಂಬುದಕ್ಕೂ ಬೆಲೆ ಇರಬೇಕು ಎಂಬುದು ಇದರ ಆಶಯ. ಆಶಯ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷವಿಡೀ ನಡೆಯಬೇಕಾದದ್ದು ಜನವರಿ ಫೆಬ್ರವರಿಯ ಆರು ವಾರದೊಳಗೆ ನಡೆದರೆ ಅದನ್ನು ನಿರಂತರ ಎನ್ನುವುದು ಹೇಗೆ?

ಹೀಗಾಗಲು ಕಾರಣವೂ ಇದೆ. ಈ ಜಿಲ್ಲೆಯಲ್ಲಿ ಜೂನ್, ಜುಲೈ ಎಂದರೆ ಮಳೆ. ವರ್ಷಕ್ಕೆ 3 ಸಾವಿರ ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಊರಿನಲ್ಲಿ ಜಿಲ್ಲಾಧಿಕಾರಿಗಳು ರಜೆ ಸಾರುವುದು ಹೊಸತಲ್ಲ, ಸಾರದಿದ್ದರೆ ಮಕ್ಕಳ ಜೀವಕ್ಕೆ ಅಪಾಯ. ಮಳೆ ಇಳಿಯುವಾಗ ಓಣಂ ಪರೀಕ್ಷೆ. ಆಮೇಲೆ ಉಪಜಿಲ್ಲಾ ಕ್ರೀಡಾಕೂಟ, ವಿಜ್ಞಾನ ಮೇಳ, ಕಲೋತ್ಸವ. ಡಿಸೆಂಬರಿನಲ್ಲಿ ಕ್ರಿಸ್ಮಸ್ ಪರೀಕ್ಷೆ. ಹೊಸ ವರ್ಷ ಬಂದಾಗ ಪಾಠ ಮುಗಿಸುವ ಗಡಿಬಿಡಿ, ಪ್ರಾಯೋಗಿಕ, ಐಟಿ ಪರೀಕ್ಷೆ, ಮಾದರಿ ಪರೀಕ್ಷೆ. ಸಿ.ಇ. ಅಂಕ ಸೇರಿಸುವ ಕೊನೆಯ ದಿನ ಬರುತ್ತಿದೆ ಎಂದು ನೆನಪಾದಾಗ ಎಲ್ಲ ಅಧ್ಯಾಪಕರೂ ಒಟ್ಟಿಗೇ ಕೆಲಸ ಕೊಡುತ್ತಾರೆ. ಪ್ರತಿಯೊಬ್ಬರೂ ತಮ್ಮ ವಿಷಯವನ್ನಷ್ಟೇ ನೋಡುತ್ತಾರೆ, ಎಲ್ಲವನ್ನೂ ಹೊರುವ ಮಗುವನ್ನು ನೋಡುವವರು ಯಾರೂ ಇಲ್ಲ. ಒಂದೇ ವಾರದಲ್ಲಿ ಆರೇಳು ಕೆಲಸ ಬಂದರೆ ಮಗು ಮಾಡುವುದಾದರೂ ಏನು? ಗೆಳೆಯನ ಪುಸ್ತಕ ನೋಡಿ ಗೀಚುತ್ತದೆ, ಇಲ್ಲವೇ ಇಂಟರ್ನೆಟ್ಟಿನಿಂದ ಪ್ರಿಂಟು ತೆಗೆದು ಅಂಟಿಸುತ್ತದೆ. ಅಲ್ಲಿಗೆ ಕಲಿಕೆಯೂ ಇಲ್ಲ, ಮೌಲ್ಯಮಾಪನವೂ ಇಲ್ಲ.

ಇನ್ನು ತಡವಾಗಿ ಕೊಟ್ಟವರ, ಕೊಡಲಾಗದೇ ಹೋದವರ ವಿಚಾರ. ಲೆಕ್ಕ ಹಾಕಿ ನೋಡಿದರೆ ವಿಷಯದ ತೂಕ ತಿಳಿಯುತ್ತದೆ. ಒಂದು ವಿಷಯದಲ್ಲಿ 20ರಂತೆ ನಾಲ್ಕು ಕೆಲಸ ಕೊಟ್ಟು ಸರಾಸರಿ ತೆಗೆಯುತ್ತಾರೆ ಎಂದಿಟ್ಟುಕೊಳ್ಳಿ. ಮೂರರಲ್ಲಿ ಮಗುವಿಗೆ 18, 17, 18 ಸಿಕ್ಕಿದೆ. ನಾಲ್ಕನೆಯದು ಕೊಡುವಾಗ ಜ್ವರ. ಅಧ್ಯಾಪಕರು ಸೊನ್ನೆ ಹಾಕಿದರೆ ಸರಾಸರಿ 13ಕ್ಕೆ ಇಳಿಯುತ್ತದೆ. ವಾರ ತಡವಾಗಿಯಾದರೂ ತೆಗೆದುಕೊಂಡು, ತಡಕ್ಕೆ ಒಂದು ಅಂಕ ಕಡಿತ ಮಾಡಿ 15 ಕೊಟ್ಟರೆ 17 ಉಳಿಯುತ್ತದೆ. ಬರೀ ನಾಲ್ಕು ಅಂಕ ತಾನೇ ಎನ್ನಬಹುದು. ಆದರೆ ಆ ಮಗು ಲಿಖಿತದಲ್ಲಿ 80ಕ್ಕೆ 73 ತೆಗೆದರೆ ಒಂದು ಲೆಕ್ಕದಲ್ಲಿ ಒಟ್ಟು 90, ಅಂದರೆ ಎ ಪ್ಲಸ್. ಇನ್ನೊಂದರಲ್ಲಿ 86, ಬರೀ ಎ. ಎ ಪ್ಲಸ್ಸಿಗೆ ಗ್ರೇಡ್ ಪಾಯಿಂಟ್ 9, ಎಗೆ 8. ಪ್ಲಸ್ ವನ್ ಏಕಜಾಲಕದಲ್ಲಿ ಸೀಟು ಹಂಚುವುದು ಈ ಪಾಯಿಂಟುಗಳ ಆಧಾರದಲ್ಲೇ. ಮನೆ ಹತ್ತಿರದ ಶಾಲೆಯಲ್ಲಿ ವಿಜ್ಞಾನ ಸಿಗುವುದೋ, ಎರಡು ಬಸ್ ಬದಲಿಸಿ ಹೋಗುವ ಶಾಲೆಯಲ್ಲಿ ಕೇಳದ ವಿಷಯ ಸಿಗುವುದೋ ಎಂಬುದು ಆ ಒಂದು ಸೊನ್ನೆಯ ಮೇಲೆ ನಿಂತಿರುತ್ತದೆ. ಜ್ವರ ಬಂದದ್ದು ಮೈಗೆ, ಬರೆ ಬಿದ್ದದ್ದು ಅಂಕಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಹೇಳಿದ್ದು ಇದನ್ನೇ.

ಇಲ್ಲಿ ಇನ್ನೊಂದು ವಿಚಿತ್ರವಿದೆ. ಕಲೋತ್ಸವದ ಯಕ್ಷಗಾನಕ್ಕೋ ಕ್ರೀಡಾಕೂಟಕ್ಕೋ ಹೋಗಿ ತರಗತಿ ತಪ್ಪಿಸಿಕೊಂಡ ಮಗುವಿಗೆ ಕೃಪಾಂಕದ ದಾರಿಯಾದರೂ ಇದೆ. ಅದು ಇರಬೇಕಾದ್ದೇ. ಆದರೆ ಕಾಮಾಲೆಯಿಂದ ಮೂರು ವಾರ ಮಲಗಿದ ಮಗುವಿಗೆ, ಮನೆಯಲ್ಲಿ ಸಾವಾಗಿ ಹತ್ತು ದಿನ ಶಾಲೆಗೆ ಬರಲಾಗದ ಮಗುವಿಗೆ, ತೋಡು ಉಕ್ಕಿ ಕಾಲುಸಂಕ ದಾಟಲಾಗದ ಮಗುವಿಗೆ ಇರುವುದು ಅಧ್ಯಾಪಕರ ಕೃಪೆ ಮಾತ್ರ. ಕರುಣೆಯುಳ್ಳ ಅಧ್ಯಾಪಕರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಹಕ್ಕಾಗಬೇಕಾದದ್ದು ಕರುಣೆಯಾಗಿ ಉಳಿದರೆ, ಬಾಯಿ ಇರುವ ಹೆತ್ತವರ ಮಕ್ಕಳು ಪಾರಾಗುತ್ತಾರೆ, ಬೀಡಿ ಕಟ್ಟಿ, ಅಡಿಕೆ ಸುಲಿದು ಬದುಕುವವರ ಮಕ್ಕಳು ಸುಮ್ಮನೆ ಸೊನ್ನೆ ಹೊತ್ತುಕೊಳ್ಳುತ್ತಾರೆ.

ತಪ್ಪಿಹೋದ ಪರೀಕ್ಷೆಗೆ ನ್ಯಾಯವಾದ ದಾರಿ ಮಾಡುವುದು ಸರ್ಕಾರಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. 2020ರಲ್ಲಿ ಕೊರೊನಾದಿಂದ ಅರ್ಧಕ್ಕೆ ನಿಂತ ಎಸ್‌ಎಸ್‌ಎಲ್‌ಸಿ ಮತ್ತು ಹೈಯರ್ ಸೆಕೆಂಡರಿ ಪರೀಕ್ಷೆಗಳನ್ನು ಕೇರಳದಲ್ಲಿ ಮೇ 26ರಿಂದ 30ರ ವರೆಗೆ ನಡೆಸಲಾಯಿತು. ಬೇರೆ ಊರಲ್ಲಿ ಸಿಕ್ಕಿಬಿದ್ದವರಿಗೆ ಕೇಂದ್ರ ಬದಲಿಸಲು ಬಿಟ್ಟರು. ಆಗಲೂ ಬರೆಯಲಾಗದವರಿಗೆ ಸೇ ಪರೀಕ್ಷೆಯ ಜತೆ ಅವಕಾಶ ಕೊಟ್ಟು, ಅದನ್ನು ರೆಗ್ಯುಲರ್ ಎಂದೇ ಪರಿಗಣಿಸುವುದಾಗಿ ಹೇಳಿದರು. ತಲಪಾಡಿ ಗಡಿ ಮುಚ್ಚಿದ್ದ ಆ ದಿನಗಳನ್ನು ಇಲ್ಲಿನವರು ಮರೆತಿಲ್ಲ. ಮಗುವಿನ ತಪ್ಪಿಲ್ಲದೆ ತಪ್ಪಿದ್ದಕ್ಕೆ ಮಗುವಿಗೆ ದಂಡ ಇರಬಾರದು ಎಂಬ ತತ್ವವನ್ನು ಅಂದು ರಾಜ್ಯವೇ ಒಪ್ಪಿತು. ಮಹಾಮಾರಿಗೆ ಒಪ್ಪಿದ ತತ್ವ ಒಂದು ಮನೆಯ ಡೆಂಗಿ ಜ್ವರಕ್ಕೆ ಯಾಕೆ ಒಪ್ಪಬಾರದು?

ಪಕ್ಕದ ಕರ್ನಾಟಕ 2024ರಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಪರೀಕ್ಷೆ-1, 2, 3 ಎಂದು ಮೂರು ಅವಕಾಶ ಮಾಡಿತು. ಪೂರಕ ಪರೀಕ್ಷೆ ಎಂಬ ಹಣೆಪಟ್ಟಿ ಹೋಯಿತು, ಯಾವುದರಲ್ಲಿ ಹೆಚ್ಚು ಬಂತೋ ಆ ಅಂಕ ಉಳಿಯುತ್ತದೆ. ಮೂರು ಪರೀಕ್ಷೆ ನಡೆಸುವುದು ಅಧ್ಯಾಪಕರಿಗೆ ಹೊರೆ ಎಂಬ ದೂರು ಅಲ್ಲಿಯೂ ಇತ್ತು. ಆದರೂ ಎಡವಿದ ಮಗುವಿಗೆ ಮತ್ತೊಂದು ದಿನವನ್ನು ಮೊದಲೇ ಬರೆದಿಟ್ಟ ಕ್ರಮ ಗಮನಿಸಬೇಕಾದ್ದು.

ಈ ಮಾತು ಈಗ ಯಾಕೆ ಮುಖ್ಯ ಎಂದರೆ ಕೇರಳದಲ್ಲಿ ಉತ್ತೀರ್ಣತೆಯ ಲೆಕ್ಕವೇ ಬದಲಾಗುವ ತೀರ್ಮಾನವಾಯಿತು. ಈ ಮೊದಲು 100ಕ್ಕೆ 30 ಆದರೆ ಡಿ ಪ್ಲಸ್. ಸಿ.ಇ.ಯಲ್ಲಿ 20 ಪೂರ್ತಿ ಸಿಕ್ಕರೆ ಲಿಖಿತದಲ್ಲಿ 80ಕ್ಕೆ 10 ತೆಗೆದರೂ ದಾಟಬಹುದಿತ್ತು. 2024ರ ಆಗಸ್ಟಿನಲ್ಲಿ ಸಚಿವ ಸಂಪುಟ ಲಿಖಿತ ಪರೀಕ್ಷೆಯಲ್ಲೇ ಪ್ರತಿ ವಿಷಯಕ್ಕೆ ಕನಿಷ್ಠ ಶೇ. 30 ಬೇಕೆಂದು ನಿರ್ಧರಿಸಿತು. 2024-25ರಲ್ಲಿ ಎಂಟನೇ ತರಗತಿ, 2025-26ರಲ್ಲಿ ಒಂಬತ್ತು, 2026-27ರಲ್ಲಿ ಹತ್ತು ಎಂಬುದು ಅದರ ಕ್ರಮ. ಅಂದರೆ 80ಕ್ಕೆ 24, 40ಕ್ಕೆ 12 ಬರೆದೇ ತೆಗೆಯಬೇಕು. ಸಿ.ಇ. ಇನ್ನು ಊರುಗೋಲಲ್ಲ. ಹಾಗಾದ ಮೇಲೆ ಜುಲೈಯಲ್ಲಿ ತಪ್ಪಿದ ಪಾಠ ಮಾರ್ಚಿನಲ್ಲಿ ಹಲ್ಲು ಕಿರಿಯುತ್ತದೆ. ತಪ್ಪಿದ ಕೆಲಸವನ್ನು ತಡವಾಗಿಯಾದರೂ ಮಾಡಿಸುವುದು ಅಂಕದ ದಾನವಲ್ಲ, ಮಗುವನ್ನು ಲಿಖಿತ ಪರೀಕ್ಷೆಗೆ ತಯಾರು ಮಾಡುವ ಕ್ರಮ. ಎಂಟನೇ ತರಗತಿಯಲ್ಲಿ ಕನಿಷ್ಠ ಅಂಕ ಬಾರದವರಿಗೆ 2025ರ ಏಪ್ರಿಲ್ ರಜೆಯಲ್ಲೇ ವಿಶೇಷ ತರಗತಿ ಕೊಟ್ಟು, ಆಮೇಲೆ ಮರುಪರೀಕ್ಷೆ ನಡೆಸಲಾಯಿತು. ಮೊದಲು ಕಲಿಸು, ಮತ್ತೆ ಕೇಳು ಎಂಬ ಅದೇ ದಾರಿ ವರ್ಷದ ನಡುವೆಯೂ ಬೇಕು.

ಅಧ್ಯಾಪಕರ ಕಷ್ಟವನ್ನೂ ಹೇಳದಿದ್ದರೆ ನ್ಯಾಯವಾಗದು. ಗಡುವೇ ಇಲ್ಲದಿದ್ದರೆ ಯಾರೂ ಕೆಲಸ ಕೊಡುವುದಿಲ್ಲ. ರಾತ್ರಿ ಕೂತು ಸಮಯಕ್ಕೆ ಸರಿಯಾಗಿ ಬರೆದು ತಂದ ಮಗುವಿಗೂ, ಕ್ರಿಕೆಟ್ ಆಡಿ ಹದಿನೈದು ದಿನ ಕಳೆದು ತಂದವನಿಗೂ ಒಂದೇ ಅಂಕ ಕೊಟ್ಟರೆ ಅದು ಅನ್ಯಾಯ. ಉತ್ತರ ತಿದ್ದಿ ವಾಪಸು ಕೊಟ್ಟ ಮೇಲೆ ಅದನ್ನೇ ನಕಲು ಮಾಡಿ ತರುವವರೂ ಇದ್ದಾರೆ. ಗಡುವು ಬೇಕೇ ಬೇಕು. ಕೇಳುವುದು ಗಡುವಿಲ್ಲದ ಶಾಲೆಯನ್ನಲ್ಲ, ಗಡುವು ದಾಟಿದರೆ ಏನು ಎಂಬುದು ಮೊದಲೇ ಎಲ್ಲರಿಗೂ ಗೊತ್ತಿರುವ ಶಾಲೆಯನ್ನು.

ಅದಕ್ಕೆ ದೊಡ್ಡ ಆಯೋಗವೇನೂ ಬೇಡ. ಪ್ರತಿ ಶಾಲೆಯಲ್ಲಿ ಅಧ್ಯಾಪಕರು ಮತ್ತು ರಕ್ಷಕ-ಶಿಕ್ಷಕ ಸಂಘ ಸೇರಿ ಜೂನ್ ತಿಂಗಳಲ್ಲೇ ಒಂದು ಹಾಳೆಯ ವೇಳಾಪಟ್ಟಿ ಮಾಡಲಿ. ಯಾವ ವಿಷಯದ ಯಾವ ಕೆಲಸ ಯಾವ ವಾರ ಎಂದು ಅದರಲ್ಲಿರಲಿ. ಒಂದೇ ದಿನ ಎರಡು ದೊಡ್ಡ ಕೆಲಸ ಬೀಳದಿರಲಿ. ಮಳೆ ರಜೆ ಬಂದರೆ ಗಡುವೂ ಅಷ್ಟೇ ದಿನ ಮುಂದೆ ಹೋಗಲಿ. ಕಾರಣವಿಲ್ಲದೆ ತಡವಾದರೆ ಎಷ್ಟು ಅಂಕ ಕಡಿತ, ಎಷ್ಟು ದಿನದ ನಂತರ ತೆಗೆದುಕೊಳ್ಳುವುದಿಲ್ಲ ಎಂಬುದು ಎಲ್ಲ ವಿಷಯಕ್ಕೂ ಒಂದೇ ರೀತಿ ಇರಲಿ. ಕಾಯಿಲೆ, ಮನೆಯಲ್ಲಿ ಮರಣ, ದಾರಿ ಮುಚ್ಚಿದ್ದು, ಶಾಲೆಯ ಪರವಾಗಿ ಸ್ಪರ್ಧೆಗೆ ಹೋದದ್ದು ಇಂಥ ಕಾರಣಗಳಿಗೆ ಕಡಿತವಿಲ್ಲದೆ ಇನ್ನೊಂದು ದಿನ ಕೊಡಲಿ, ಬೇಕಿದ್ದರೆ ಬೇರೆ ಪ್ರಶ್ನೆಯನ್ನೇ ಕೊಡಲಿ. ಚಿಕಿತ್ಸೆಗೆ ಮಂಗಳೂರಿಗೆ ಹೋಗುವ ಊರು ಇದು. ತಲಪಾಡಿಯ ಆಚೆಗಿನ ವೈದ್ಯರ ಚೀಟಿಗೂ ಈಚೆಗಿನಷ್ಟೇ ಬೆಲೆ ಇರಲಿ. ಸಿ.ಇ. ಅಂಕ ಮೇಲಕ್ಕೆ ಹೋಗುವ ಮುನ್ನ ಮಗುವಿಗೆ ತೋರಿಸಿ, ತಕರಾರು ಇದ್ದರೆ ಹೇಳಲು ಮೂರು ದಿನವಾದರೂ ಕೊಡಲಿ.

ಈ ಹಾಳೆ ಕನ್ನಡದಲ್ಲೇ ಇರಬೇಕೆಂಬುದನ್ನು ಒತ್ತಿ ಹೇಳಬೇಕಾಗಿದೆ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬರುತ್ತದೆ ನಿಜ. ಆದರೆ ಆ ಪರೀಕ್ಷೆಯ ತನಕದ ದಾರಿ ಹೇಳುವ ಸುತ್ತೋಲೆ ಮಲಯಾಳದಲ್ಲಿದ್ದರೆ ಬಂದಿಯೋಡು, ಪೆರ್ಲ, ಮುಳ್ಳೇರಿಯದ ಅಮ್ಮ ಅದನ್ನು ಓದುವುದು ಹೇಗೆ? ಕನ್ನಡ ಬಲ್ಲ ಅಧ್ಯಾಪಕರ ಕೊರತೆ, ಕನ್ನಡ ಪಠ್ಯಪುಸ್ತಕ ತಡವಾಗುವ ದೂರು ಇಲ್ಲಿ ಹಳೆಯದು. ಪುಸ್ತಕವೇ ತಡವಾಗಿ ಬಂದ ತರಗತಿಯಲ್ಲಿ ಮಗುವಿನ ಕೆಲಸ ತಡವಾಯಿತೆಂದು ಅಂಕ ಕತ್ತರಿಸುವುದು ಯಾವ ನ್ಯಾಯ? 1969ರ ಕೇರಳ ರಾಜಭಾಷಾ ಕಾನೂನಿನಂತೆ ಕನ್ನಡ ಅಲ್ಪಸಂಖ್ಯಾತರು ಸರ್ಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಆ ಹಕ್ಕನ್ನು ಜಾಗದ ಕಾಗದಕ್ಕೆ ಮಾತ್ರವಲ್ಲ, ಮಕ್ಕಳ ಅಂಕದ ವಿಚಾರಕ್ಕೂ ಹೆತ್ತವರು ಬಳಸಬೇಕು. ಮೌಲ್ಯಮಾಪನದ ನಿಯಮವನ್ನು ಕನ್ನಡದಲ್ಲಿ ಕೊಡಿ ಎಂದು ಲಿಖಿತವಾಗಿ ಕೇಳಬೇಕು.

ಮನೆಯವರ ಪಾಲಿಗೂ ಸ್ವಲ್ಪ ಕೆಲಸವಿದೆ. ಮಗುವಿಗೆ ಹುಷಾರಿಲ್ಲದ ದಿನವೇ ಟೀಚರಿಗೆ ಫೋನು ಮಾಡಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ತಿಂಗಳ ನಂತರ ಹೋಗಿ ಅಂದು ಜ್ವರ ಇತ್ತು ಎಂದರೆ ಯಾರೂ ನಂಬುವುದು ಕಷ್ಟ. ಮಾದರಿ ಪರೀಕ್ಷೆಯ ವಾರವೇ ನೆಂಟರ ಮದುವೆಗೆಂದು ಮಕ್ಕಳನ್ನು ಮೂರು ದಿನ ಕರಕೊಂಡು ಹೋಗುವುದು, ಆಮೇಲೆ ಹೊಟ್ಟೆನೋವು ಎಂದು ಚೀಟಿ ಬರೆಯುವುದು ನಿಲ್ಲಬೇಕು. ಸುಳ್ಳು ಚೀಟಿಗಳು ಹೆಚ್ಚಾದಷ್ಟೂ ನಿಜವಾಗಿ ಮಲಗಿದ ಮಗುವಿನ ಚೀಟಿಗೆ ಬೆಲೆ ಕಡಿಮೆಯಾಗುತ್ತದೆ.

ಶಿಕ್ಷಣ ಇಲಾಖೆಯ ಜಿಲ್ಲಾ ಅಧಿಕೃತರು ಕನ್ನಡದಲ್ಲಿ ಒಂದು ಮಾದರಿ ಹಾಳೆ ತಯಾರಿಸಿ ಶಾಲೆಗಳಿಗೆ ಕಳುಹಿಸಿದರೆ ಕೆಲಸ ಸುಲಭವಾದೀತು. ಅದು ಬರುವ ತನಕ ಕಾಯಬೇಕೆಂದೇನೂ ಇಲ್ಲ. ಶಾಲೆ ಶುರುವಾದ ಮೊದಲ ಪಿಟಿಎ ಸಭೆಯಲ್ಲೇ ಹೆತ್ತವರು ಎದ್ದು ಕೇಳಲಿ: ತಡವಾದರೆ ಏನು, ತಪ್ಪಿದರೆ ಏನು, ಎಲ್ಲಿ ಬರೆದಿದೆ? ಆ ಪ್ರಶ್ನೆಯನ್ನು ಜೂನ್‌ನಲ್ಲಿ ಕೇಳಿದರೆ ಉತ್ತರ ಸಿಗುತ್ತದೆ. ಮಾರ್ಚಿನಲ್ಲಿ ಕೇಳಿದರೆ ಸಿಗುವುದು ಬರೀ ಅಂಕಪಟ್ಟಿ.