ಆಲೂಗಡ್ಡೆಯ ತಪ್ಪೇನು?

ಆಲೂಗಡ್ಡೆಯ ತೆಳುವಾದ ಬಿಲ್ಲೆಗಳನ್ನು ಹಾಲು ಕೆನೆಗಳಲ್ಲಿ ಮುಳುಗಿಸಿ, ಮೇಲ್ಪದರ ಹೊಂಬಣ್ಣಕ್ಕೆ ತಿರುಗುವವರೆಗೆ ಒವನ್ನಿನಲ್ಲಿ ಬೇಯಿಸಿದ ‘ಗ್ರಾತೆಂ’ ಫ್ರಾನ್ಸ್ ದೇಶದ ಪ್ರಸಿದ್ಧ ವ್ಯಂಜನ. ದೊಫಿನೆ ಪ್ರಾಂತದ ಗಾಪ್ ಪಟ್ಟಣದಲ್ಲಿ 1788ರಲ್ಲಿ ನಡೆದ ಔತಣವೊಂದರಲ್ಲಿ ಇದನ್ನು ಬಡಿಸಿದರೆಂದು ದಾಖಲೆಯಿದೆ. ನೆರೆಯ ಸವಾಯ್ ಸೀಮೆಯವರು ಇದಕ್ಕೆ ಚೀಸನ್ನು ಸೇರಿಸಿ, ಕೆನೆಯ ಬದಲು ತಿಳಿಸಾರನ್ನು ಬಳಸುತ್ತಾರೆ. ಇಂದಿನ ಅನೇಕ ಅಡಿಗೆಮನೆಗಳಲ್ಲಿ ಕೆನೆ, ಚೀಸುಗಳೆರಡೂ ಧಾರಾಳವಾಗಿ ಬೀಳುತ್ತವೆ.

ಜಿಡ್ಡನ್ನು ಕಡಮೆ ಮಾಡಬೇಕೆಂದು ವೈದ್ಯರು ಹೇಳಿದೊಡನೆ ಮೊದಲು ಗಡೀಪಾರಾಗುವುದು ಮಾತ್ರ ಆಲೂಗಡ್ಡೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ನ್ಯಾಯವನ್ನು ನಾವು ಒಪ್ಪಲಾರೆವು.

ಲೆಕ್ಕವನ್ನೇ ನೋಡೋಣ. ಒಂದು ಕಿಲೋಗ್ರಾಂ ಆಲೂಗಡ್ಡೆಯಲ್ಲಿ ಸುಮಾರು 800 ಗ್ರಾಂ ನೀರು. ಕೊಬ್ಬು ಒಂದೆರಡು ಗ್ರಾಂ. ಅದರಿಂದ ದೊರೆಯುವ ಶಕ್ತಿ ಸುಮಾರು 770 ಕಿಲೋಕ್ಯಾಲೊರಿ. ಇದಕ್ಕೆ ಶೇಕಡ 36ರಷ್ಟು ಕೊಬ್ಬುಳ್ಳ ಕೆನೆಯನ್ನು ಅರ್ಧ ಕಿಲೋಗ್ರಾಂ ಸುರಿದರೆ ಕೊಬ್ಬೇ 180 ಗ್ರಾಂ ಆಗುತ್ತದೆ. ಗ್ರಾಮಿಗೆ 9ರಂತೆ 1,620 ಕಿಲೋಕ್ಯಾಲೊರಿ. ಶೇಕಡ 3.5ರಷ್ಟು ಕೊಬ್ಬುಳ್ಳ ಹಾಲನ್ನು ಅಷ್ಟೇ ತೂಕ ಬಳಸಿದರೆ ಕೊಬ್ಬು 18 ಗ್ರಾಮನ್ನು ಮೀರದು.

ಹಾಲು ನೀರಾಗಿ ಉಳಿಯದೆ? ಉಳಿಯದು. ಸುಮಾರು 65 ಡಿಗ್ರಿ ಸೆಂಟಿಗ್ರೇಡಿನಲ್ಲಿ ಆಲೂಗಡ್ಡೆಯ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬಿ ದ್ರವವನ್ನು ಗಟ್ಟಿಮಾಡುತ್ತವೆ. ಆದ್ದರಿಂದ ಹೆಚ್ಚಿದ ಬಿಲ್ಲೆಗಳನ್ನು ತೊಳೆಯಬಾರದು; ಮೈಗಂಟಿದ ಪಿಷ್ಟವೇ ಕೆನೆಯ ಕೆಲಸಮಾಡುತ್ತದೆ. ಬಿಲ್ಲೆಗಳನ್ನು ಹಾಲಿನಲ್ಲಿ ಸ್ವಲ್ಪ ಹೊತ್ತು ಮೆಲ್ಲಗೆ ಕುದಿಸಿ, ಅನಂತರ ಒವನ್ನಿಗೆ ಇಡುವುದು ಲೇಸು.

ಚೀಸನ್ನು ಪೂರ್ತಿ ಬಿಡಬೇಕಾಗಿಲ್ಲ. ಬಹುಕಾಲ ಹದಗೊಂಡ ಚೀಸಿನಲ್ಲಿ ಪ್ರೋಟೀನು ಒಡೆದು ಅಮೈನೋ ಆಮ್ಲಗಳಾಗಿರುವುದರಿಂದ ರುಚಿ ತೀಕ್ಷ್ಣ. 200 ಗ್ರಾಮಿನ ಕಡೆ 50 ಗ್ರಾಂ ಸಾಕು. ಅದನ್ನು ಒಳಗೆ ಬೆರೆಸದೆ ಮೇಲೆಯೇ ಹರಡಬೇಕು. ಫ್ರಾನ್ಸಿನ ಮಯಾರ್ 1912ರಲ್ಲಿ ವಿವರಿಸಿದ ರಾಸಾಯನಿಕ ಕ್ರಿಯೆಯಿಂದ ಹೊಂಬಣ್ಣವೂ ಪರಿಮಳವೂ ಹುಟ್ಟುವುದು ಅಲ್ಲಿಯೇ.

ಕೆನೆಯ ನುಣುಪು ಪೂರ್ತಿಯಾಗಿ ಬರುವುದಿಲ್ಲವೆಂಬುದನ್ನು ನಾವು ಮರೆಮಾಚುವುದಿಲ್ಲ. ಮಧುಮೇಹಿಗಳು ಪಿಷ್ಟದ ಲೆಕ್ಕವನ್ನೂ ಇಡಬೇಕು. ಆದರೆ ಪಥ್ಯದ ಹೆಸರಿನಲ್ಲಿ ಮನೆಯ ಹಿರಿಯರಿಗೆ ಸಪ್ಪೆಯ ತಟ್ಟೆಯನ್ನು ಪ್ರತ್ಯೇಕವಾಗಿ ಇಡುವುದಕ್ಕಿಂತ, ಎಲ್ಲರೂ ಒಂದೇ ಪಾತ್ರೆಯಿಂದ ಬಡಿಸಿಕೊಳ್ಳುವಂತೆ ಅಡಿಗೆಯನ್ನೇ ತಿದ್ದುವುದು ಉಚಿತವೆಂದು ನಮ್ಮ ಅಭಿಪ್ರಾಯ.